ಮಿಠಾಯಿ ರಾಶಿ ನೋಡಿ ತಲೆ ಕೆರೆದುಕೊಂಡವರಿಗೆ

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ಕಳೆದ ವರ್ಷ ಮಗಳ ಜೊತೆ ಅಮೆರಿಕದಲ್ಲಿ ಎರಡು ದೊಡ್ಡ ಮ್ಯೂಸಿಯಂ ನೋಡಿದೆ. ಹಳೇ ಚಿತ್ರಗಳು ಬಹಳ ಹಿಡಿಸಿದವು. ಸಮಕಾಲೀನ ಕಲೆ ಎಂದು ಬರೆದಿದ್ದ ಕಡೆಗೆ ಹೋದರೆ ಒಂದು ಮೂಲೆಯಲ್ಲಿ ಬಣ್ಣದ ಕಾಗದ ಸುತ್ತಿದ ಮಿಠಾಯಿ ರಾಶಿ ಸುರಿದಿದ್ದರು. ಮೊಮ್ಮಗ ಒಂದನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಗಾರ್ಡ್ ನೋಡಿಯೂ ಸುಮ್ಮನಿದ್ದ. ನನಗೆ ಮಾತ್ರ ಕಳ್ಳತನ ಮಾಡಿದ ಹಾಗೆ ಎದೆ ಹೊಡೆದುಕೊಂಡಿತು. ಗೋಡೆಗೆ ಅಂಟಿಸಿದ ಬಾಳೆಹಣ್ಣು ಕೋಟಿಗಟ್ಟಲೆಗೆ ಮಾರಾಟವಾಯಿತು ಎಂದೂ ಓದಿದೆ. ನಾವು ದಡ್ಡರೋ, ಅವರು ನಮ್ಮನ್ನು ಮಂಗ ಮಾಡುತ್ತಿದ್ದಾರೋ? ಮೂರು ಗಂಟೆ ಸುತ್ತಿ ಕಾಲು ನೋವು ಬಂತು, ತಲೆಗೆ ಏನೂ ಹೋಗಲಿಲ್ಲ. ಈ ಸಲ ವೆನಿಸ್‌ನಲ್ಲಿ ಎರಡು ದಿನ ಇರುತ್ತೇವೆ. ಅಲ್ಲಿನ ದೊಡ್ಡ ಪ್ರದರ್ಶನ ನೋಡು ಅನ್ನುತ್ತಾಳೆ ಮಗಳು. ಹೇಗೆ ನೋಡಬೇಕು ಹೇಳಿ.

ಉತ್ತರ: ಮೊದಲು ಮೊಮ್ಮಗನ ವಿಷಯ ಮುಗಿಸೋಣ. ಅವನು ಕದ್ದಿಲ್ಲ ಮೇಡಂ. ಆ ಮಿಠಾಯಿ ಅಲ್ಲಿರುವುದೇ ತೆಗೆದುಕೊಳ್ಳಲಿಕ್ಕೆ. ಅವತ್ತು ಆ ಕೋಣೆಯಲ್ಲಿ ಕೃತಿಯನ್ನು ಸರಿಯಾಗಿ ನೋಡಿದವನು ಅವನೊಬ್ಬನೇ ಇದ್ದರೂ ಇರಬಹುದು.

ನೀವು ಕೊಟ್ಟ ವಿವರ ನೋಡಿದರೆ ಅದು ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ ಅವರದ್ದು. 1957ರಲ್ಲಿ ಕ್ಯೂಬಾದಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡಿದ ಕಲಾವಿದ. ಮಿಠಾಯಿಯಲ್ಲಿ ಅವರು ಹಲವು ಕೃತಿ ಮಾಡಿದ್ದಾರೆ. ಎಲ್ಲಕ್ಕಿಂತ ಹೆಸರಾದದ್ದು 1991ರದ್ದು, ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ತೋರಿಸುವಂಥದ್ದು. ಅದರ ಹೆಸರು 'ಹೆಸರಿಲ್ಲದ್ದು', ಪಕ್ಕದಲ್ಲಿ ಕಂಸದೊಳಗೆ 'ಲಾಸ್ ಏಂಜಲಿಸ್‌ನಲ್ಲಿ ರಾಸ್‌ನ ಭಾವಚಿತ್ರ'. ರಾಸ್ ಈ ಕಲಾವಿದರ ಸಂಗಾತಿ. ಅದೇ 1991ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಆ ರಾಶಿ ಇಷ್ಟು ತೂಗಬೇಕು ಎಂದು ಕಲಾವಿದರು ಒಂದು ಲೆಕ್ಕ ಕೊಟ್ಟಿದ್ದಾರೆ: 175 ಪೌಂಡ್, ಅಂದರೆ ಸುಮಾರು 79 ಕಿಲೋ. ಒಬ್ಬ ಗಟ್ಟಿಮುಟ್ಟಾದ ಗಂಡಸಿನ ತೂಕ. ಕಾಯಿಲೆ ಬೀಳುವ ಮುಂಚಿನ ರಾಸ್‌ನ ತೂಕ ಎಂದೇ ಬಹಳ ಜನ ಅದನ್ನು ಓದಿಕೊಳ್ಳುತ್ತಾರೆ. ಬಂದವರು ಒಂದೊಂದು ತೆಗೆದುಕೊಂಡು ಹೋಗುತ್ತಾರೆ, ರಾಶಿ ಸವೆಯುತ್ತದೆ. ಕರಗುತ್ತಾ ಹೋದ ಮೈಯ ಹಾಗೆ. ಬೇಕೆಂದರೆ ಮ್ಯೂಸಿಯಂನವರು ಮತ್ತೆ ತಂದು ಸುರಿಯಬಹುದು, ಆಗ ರಾಸ್ ಮತ್ತೆ ತುಂಬಿಕೊಳ್ಳುತ್ತಾರೆ. ಆ ರಾಶಿ ಮಾಡಿದ ಕಲಾವಿದರೂ 1996ರಲ್ಲಿ ಅದೇ ಕಾಯಿಲೆಯಿಂದ, 38ನೇ ವಯಸ್ಸಿಗೆ ಹೋದರು.

ಈಗ ಜೇಬಿನಲ್ಲಿದ್ದ ಆ ಮಿಠಾಯಿ ನೆನಪಿಸಿಕೊಳ್ಳಿ. ನಿಮಗೆ ಎದೆ ಹೊಡೆದುಕೊಂಡಿತು ಎಂದು ಬರೆದಿದ್ದೀರಲ್ಲ, ಆ ಅಳುಕಿಗೂ ಅಲ್ಲಿ ಜಾಗವಿದೆ. ಒಬ್ಬ ಮನುಷ್ಯನ ತೂಕದಿಂದ ಒಂದು ಚೂರು ತೆಗೆದುಕೊಂಡು ಹೋಗುವಾಗ ಸ್ವಲ್ಪ ಅಳುಕಬೇಕು ಅಲ್ವಾ?

ಆದರೆ ಇದೆಲ್ಲ ನಿಮಗೆ ಅಲ್ಲಿ ನಿಂತಾಗ ಹೊಳೆಯಬೇಕಿತ್ತು ಎಂದು ನಾನು ಹೇಳುವುದಿಲ್ಲ. ಸುಮ್ನೆ ನೋಡಿದರೆ ಅದು ಮಿಠಾಯಿ ರಾಶಿಯೇ. ಪಕ್ಕದ ಗೋಡೆಯಲ್ಲಿ ಅಂಗೈಯಷ್ಟು ಲೇಬಲ್‌ನಲ್ಲಿ ಏನು ಬರೆದಿದ್ದಾರೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. 2022ರಲ್ಲಿ ಇದೇ ಕೃತಿಯ ಲೇಬಲ್‌ನಲ್ಲಿ ರಾಸ್ ಬಗ್ಗೆ, ಏಡ್ಸ್ ಬಗ್ಗೆ ಇದ್ದ ಮಾತು ಕಾಣೆಯಾಗಿತ್ತು. ಜನ ನೋಡಿ ಗಲಾಟೆ ಮಾಡಿದರು. ಮ್ಯೂಸಿಯಂನವರು ಮತ್ತೆ ಬರೆಸಿದರು. ಅದೇ ಮಿಠಾಯಿ, ಅದೇ ಮೂಲೆ. ಆ ಕೆಲವು ದಿನ ಮಾತ್ರ ಅಲ್ಲಿಗೆ ಬಂದವರು ಬೇರೆಯದೇ ಕೃತಿ ನೋಡಿಕೊಂಡು ಹೋದರು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರವೆಲ್ಲ ಇದರಲ್ಲೇ ಇದೆ. ಮ್ಯೂಸಿಯಂ ಗೋಡೆಯ ಮೇಲೆ ಯಾವುದೂ ತಾನಾಗಿ ಬಂದು ಕೂತಿರುವುದಿಲ್ಲ. ಯಾರೋ ಕೂತು ಯೋಚಿಸಿ, ಜಗಳವಾಡಿ, ಇದು ಇರಲಿ ಅದು ಬೇಡ, ಇದರ ಪಕ್ಕಕ್ಕೆ ಅದು, ಇದಕ್ಕೆ ಇಷ್ಟು ಬೆಳಕು, ಲೇಬಲ್‌ನಲ್ಲಿ ಇಷ್ಟೇ ಮಾತು ಎಂದು ತೀರ್ಮಾನ ಮಾಡಿರುತ್ತಾರೆ. ಹಳೇ ಚಿತ್ರಗಳ ಕೋಣೆಯಲ್ಲಿ ಈ ತೀರ್ಮಾನಗಳು ಕಣ್ಣಿಗೆ ಬೀಳುವುದಿಲ್ಲ, ಚಿತ್ರವೇ ಅಷ್ಟು ಚೆನ್ನಾಗಿರುತ್ತದೆ. ಹೊಸ ಕಲೆಯಲ್ಲಿ ತೀರ್ಮಾನವೇ ಅರ್ಧ ಕೃತಿ. ಅದಕ್ಕೇ 'ಇದರ ಅರ್ಥ ಏನು' ಎಂದು ಕೇಳುವುದಕ್ಕಿಂತ 'ಯಾರು ಇದನ್ನು ಇಲ್ಲಿ ಹೀಗೆ ಇಟ್ಟರು, ಯಾಕೆ' ಎಂದು ಕೇಳಿ. ನಾನು ಇಪ್ಪತ್ತು ವರ್ಷದಿಂದ ಜನರನ್ನು ಪ್ರದರ್ಶನಗಳಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮೊದಲನೇ ಪ್ರಶ್ನೆಗೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ, ಎರಡನೆಯದಕ್ಕೆ ಎಲ್ಲರಿಗೂ ಏನಾದರೂ ಹೇಳಲಿಕ್ಕೆ ಇರುತ್ತದೆ.

ಈ ಮಾತಿಗೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಪಾಠ ಸಿಕ್ಕಿದ್ದು 1992ರ ಒಂದು ಪ್ರದರ್ಶನದಿಂದ. ನಾನು ಅದನ್ನು ಫೋಟೋದಲ್ಲಿ ಮಾತ್ರ ನೋಡಿದ್ದು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಆಗ ಮೇರಿಲ್ಯಾಂಡ್ ಇತಿಹಾಸ ಸಂಘ ಎಂದು ಕರೆಯುತ್ತಿದ್ದ ಸಂಸ್ಥೆಯ ಮ್ಯೂಸಿಯಂ ಇದೆ. ಫ್ರೆಡ್ ವಿಲ್ಸನ್ ಎಂಬ ಕಲಾವಿದ ಅಲ್ಲಿಗೆ ಹೋಗಿ, ನಾನು ಹೊಸದಾಗಿ ಏನೂ ಮಾಡುವುದಿಲ್ಲ, ನಿಮ್ಮ ಉಗ್ರಾಣದಲ್ಲಿ ಇರುವುದನ್ನೇ ಬೇರೆ ರೀತಿ ಜೋಡಿಸುತ್ತೇನೆ ಅಂದರು. ಒಂದು ಗಾಜಿನ ಪೆಟ್ಟಿಗೆ. ಒಳಗೆ ಶ್ರೀಮಂತರ ಮನೆಯ ಬೆಳ್ಳಿ ಹೂಜಿಗಳು, ಬೆಳ್ಳಿ ಲೋಟಗಳು, ಸಣ್ಣ ಕೆತ್ತನೆ, ಫಳಫಳ ಹೊಳಪು. ಅವುಗಳ ನಡುವೆ ಗುಲಾಮರಿಗೆ ಹಾಕುತ್ತಿದ್ದ ಒಂದು ಜೊತೆ ಕಬ್ಬಿಣದ ಕೋಳ. ಲೇಬಲ್‌ನಲ್ಲಿ ಬರೆದದ್ದು ಇಷ್ಟೇ: 'ಲೋಹದ ಕೆಲಸ, 1793–1880'. ಬೈಗುಳವಿಲ್ಲ, ಭಾಷಣವಿಲ್ಲ. ಬೆಳ್ಳಿಯೂ ಕೋಳವೂ ಅದೇ ಮ್ಯೂಸಿಯಂನಲ್ಲೇ ಇದ್ದವು. ಒಂದೇ ಪೆಟ್ಟಿಗೆಯಲ್ಲಿ ಇರಲಿಲ್ಲ, ಅಷ್ಟೇ.

ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂ ಮೋಮಾ 2019ರ ಅಕ್ಟೋಬರ್‌ನಲ್ಲಿ ಕಟ್ಟಡ ದೊಡ್ಡದು ಮಾಡಿ ಮತ್ತೆ ತೆರೆದಾಗ ಇಂಥದ್ದೇ ಒಂದು ಜೋಡಣೆ ಮಾಡಿತು. ಪಿಕಾಸೊ 1907ರಲ್ಲಿ ಬರೆದ ಐದು ಹೆಂಗಸರ ಚಿತ್ರ ಅಲ್ಲಿನ ಕಿರೀಟ ಇದ್ದ ಹಾಗೆ. ಅದೇ ಕೋಣೆಗೆ ಫೇಯ್ತ್ ರಿಂಗ್‌ಗೋಲ್ಡ್ ಎಂಬ ಕಪ್ಪು ಕಲಾವಿದೆ 1967ರಲ್ಲಿ ಬರೆದ, ಬೀದಿಯಲ್ಲಿ ಕರಿಯರೂ ಬಿಳಿಯರೂ ರಕ್ತ ಸುರಿಸಿಕೊಂಡು ಓಡುವ ದೊಡ್ಡ ಚಿತ್ರ ತಂದು ಹಾಕಿದರು. ಅರವತ್ತು ವರ್ಷ ಅಂತರ. ಕೆಲವರಿಗೆ ಸಿಟ್ಟು ಬಂತು, ಇತಿಹಾಸ ಕಲಸುಮೇಲೋಗರ ಮಾಡಿದರು ಎಂದು. ನನಗೆ ಇಷ್ಟವಾಯಿತು. ಅಲ್ಲಿಯವರೆಗೆ ಪಿಕಾಸೊ ಚಿತ್ರದ ಮುಂದೆ ಜನ ದೇವರ ಮುಂದೆ ನಿಂತ ಹಾಗೆ ನಿಲ್ಲುತ್ತಿದ್ದರು. ಈಗ ಎರಡೂ ಕಡೆ ಕತ್ತು ತಿರುಗಿಸಬೇಕಾಯಿತು.

ಇನ್ನು ಬಾಳೆಹಣ್ಣು. ಅದನ್ನು ಕೇಳದೆ ಯಾರೂ ಬಿಡುವುದಿಲ್ಲ, ಹೇಳಿಬಿಡುತ್ತೇನೆ. ಮೌರಿಜಿಯೊ ಕಟೆಲಾನ್ ಎಂಬ ಇಟಲಿಯ ಕಲಾವಿದ 2019ರಲ್ಲಿ ಮಯಾಮಿಯ ಆರ್ಟ್ ಬಾಸೆಲ್ ಮೇಳದಲ್ಲಿ ಒಂದು ಬಾಳೆಹಣ್ಣನ್ನು ಟೇಪ್‌ನಿಂದ ಗೋಡೆಗೆ ಅಂಟಿಸಿದರು. ಬೆಲೆ 1,20,000 ಡಾಲರ್. 2024ರ ನವೆಂಬರ್‌ನಲ್ಲಿ ಸದಬೀಸ್ ಹರಾಜಿನಲ್ಲಿ ಅದೇ ಕೃತಿಯ ಒಂದು ಪ್ರತಿ 62 ಲಕ್ಷ ಡಾಲರ್‌ಗೆ ಹೋಯಿತು. ಕೊಂಡ ಕ್ರಿಪ್ಟೋ ವ್ಯಾಪಾರಿ ಹಣ್ಣನ್ನು ತಿಂದೂ ಬಿಟ್ಟರು. ಕೃತಿ ಹಾಳಾಗಲಿಲ್ಲ. ಯಾಕೆಂದರೆ ಅವರು ಕೊಂಡದ್ದು ಒಂದು ಪ್ರಮಾಣಪತ್ರ ಮತ್ತು ಹೇಗೆ ಅಂಟಿಸಬೇಕು ಎನ್ನುವ ಸೂಚನೆಗಳನ್ನು. ಹಣ್ಣು ಕೊಳೆತರೆ ಹೊಸದು ತಂದು ಅಂಟಿಸುವುದು. ನಿಮ್ಮ ಮಿಠಾಯಿಯೂ ಹೀಗೇ, ಸೂಚನೆ ಮಾತ್ರ ಶಾಶ್ವತ. ಎರಡೂ ಒಂದೇ ಉಪಾಯ. ಒಂದನ್ನು ನೋಡಿ ಗಂಟಲು ಕಟ್ಟುತ್ತದೆ, ಇನ್ನೊಂದನ್ನು ನೋಡಿ ನಗು ಬರುತ್ತದೆ. ಬಾಳೆಹಣ್ಣು ಕೆಟ್ಟ ಜೋಕೇನಲ್ಲ, ಆದರೆ ಎರಡನೇ ಸಲ ಕೇಳಿದರೆ ನಗು ಬರದ ಜೋಕು.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. ಸುದ್ದಿಯಲ್ಲಿ ಬರುವ ಕೋಟಿಗಟ್ಟಲೆ ಲೆಕ್ಕವೆಲ್ಲ ಮೇಳ ಮತ್ತು ಹರಾಜಿನದ್ದು. ಮೇಳ ಅಂದರೆ ಗ್ಯಾಲರಿಗಳು ಮಳಿಗೆ ಹಾಕಿ ಮಾರುವ ಜಾಗ. ನೀವು ವೆನಿಸ್‌ನಲ್ಲಿ ನೋಡಲಿರುವುದು ಬಿಯೆನಾಲೆ, ಎರಡು ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನ. ಅಲ್ಲಿ ಬೆಲೆಯ ಚೀಟಿ ಇರುವುದಿಲ್ಲ. ಹಿಂದೆ ವೆನಿಸ್‌ನಲ್ಲೂ ಮಾರಾಟದ ಕಚೇರಿ ಇತ್ತು. 1968ರಲ್ಲಿ ವಿದ್ಯಾರ್ಥಿಗಳು ಗಲಾಟೆ ಎಬ್ಬಿಸಿದ ಮೇಲೆ ಮುಚ್ಚಿದರು. ಅಲ್ಲಿ ಹೆಸರು ಮಾಡಿದವರ ಬೆಲೆ ಆಮೇಲೆ ಮೇಳದಲ್ಲಿ ಏರುತ್ತದೆ ಎನ್ನುವುದು ಬೇರೆ ಮಾತು, ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಐದು ವರ್ಷಕ್ಕೊಮ್ಮೆ, ನೂರು ದಿನ. 1955ರಲ್ಲಿ ಶುರುವಾಯಿತು, ಬಾಂಬು ಬಿದ್ದು ಹಾಳಾದ ಊರಿನಲ್ಲಿ. ಸಾವೊ ಪೌಲೊ, ಶಾರ್ಜಾ, ಗ್ವಾಂಗ್‌ಜು, ಇಸ್ತಾಂಬುಲ್, ಕೊಚ್ಚಿ, ಹೀಗೆ ಈಗ ಎಲ್ಲ ಕಡೆ ಬಿಯೆನಾಲೆಗಳಿವೆ.

ಈಗ ಕಾಲು ನೋವು. ನಗಬೇಡಿ, ಇದಕ್ಕೆ ನೂರು ವರ್ಷ ಹಳೆಯ ಹೆಸರಿದೆ: ಮ್ಯೂಸಿಯಂ ದಣಿವು. ಬಾಸ್ಟನ್‌ನ ಲಲಿತಕಲಾ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಗಿಲ್ಮನ್ 1916ರಲ್ಲಿ ಇದರ ಮೇಲೆ ಒಂದು ಲೇಖನ ಬರೆದರು. ಒಬ್ಬ ಮನುಷ್ಯನಿಗೆ, ಈ ಪೆಟ್ಟಿಗೆಯಲ್ಲಿ ಇರುವುದನ್ನು ಸರಿಯಾಗಿ ನೋಡು ಎಂದು ಹೇಳಿ ಅವನ ಫೋಟೋ ತೆಗೆಸಿದರು. ಪಾಪ, ಒಂದರಲ್ಲಿ ಸೊಂಟ ಬಗ್ಗಿಸಿದ್ದಾನೆ, ಇನ್ನೊಂದರಲ್ಲಿ ಮಂಡಿ ಮಡಚಿದ್ದಾನೆ. ತಪ್ಪು ನೋಡುವವರದ್ದಲ್ಲ, ಇಟ್ಟವರದ್ದು ಎಂದು ಗಿಲ್ಮನ್ ತೋರಿಸಿದ್ದು ಹೀಗೆ. ಇವತ್ತಿಗೂ ದೊಡ್ಡ ಮ್ಯೂಸಿಯಂಗಳಲ್ಲಿ ಕೂರಲು ಬೆಂಚು ಹುಡುಕಬೇಕು. ನಾನು ಹೊಸ ಮ್ಯೂಸಿಯಂಗೆ ಹೋದರೆ ಮೊದಲು ನೋಡುವುದು ಬೆಂಚು ಎಲ್ಲಿದೆ ಅಂತ. ಬೆಂಚು ಇಟ್ಟಿರುವ ಕಡೆ, ನೀವು ಇಲ್ಲಿ ಸ್ವಲ್ಪ ಹೊತ್ತು ಇರಿ ಎಂದು ಯಾರೋ ಬಯಸಿದ್ದಾರೆ ಎಂದೇ ಲೆಕ್ಕ.

ಆದರೆ ನಾವೂ ಓಡುತ್ತೇವೆ ಎನ್ನುವುದು ನಿಜ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಇಬ್ಬರು ಸಂಶೋಧಕರು ಅಳೆದು 2001ರಲ್ಲಿ ಪ್ರಕಟಿಸಿದರು. ಸರಾಸರಿ 27 ಸೆಕೆಂಡು. ಅದೂ ಕೆಲವರು ಬಹಳ ಹೊತ್ತು ನಿಂತದ್ದರಿಂದ ಅಷ್ಟಾಯಿತು, ಅರ್ಧ ಜನ 17 ಸೆಕೆಂಡಿನೊಳಗೇ ಮುಂದೆ ಹೋಗಿದ್ದರು. ಬಸ್ಸಿನ ಬೋರ್ಡ್ ಓದಲಿಕ್ಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ನಾನೂ ಮೊದಲ ಬಿಯೆನಾಲೆಯಲ್ಲಿ ಇದನ್ನೇ ಮಾಡಿದೆ. ಕೊಟ್ಟ ದುಡ್ಡಿಗೆ ಎಲ್ಲ ನೋಡಬೇಕು ಎಂದು ಒಂದೇ ದಿನ ಎಲ್ಲ ಕಟ್ಟಡ ಸುತ್ತಿದೆ. ಸಂಜೆ ಕೂತು ಡೈರಿ ಬರೆಯಲು ಹೋದರೆ ನೆನಪಿದ್ದದ್ದು ಎರಡೇ, ಒಂದು ನೀಲಿ ಕೋಣೆ, ಇನ್ನೊಂದು ಶೌಚಾಲಯದ ಮುಂದಿನ ಕ್ಯೂ.

ಹಾಗಾದರೆ ಎಷ್ಟು ನೋಡಬೇಕು? ಒಂದು ದಿನಕ್ಕೆ ಆರೋ ಏಳೋ ಕೃತಿ. ಉಳಿದದ್ದರ ಪಕ್ಕದಲ್ಲಿ ಸುಮ್ನೆ ನಡೆದು ಹೋಗಿ, ಯಾವುದು ಕೈ ಹಿಡಿದು ನಿಲ್ಲಿಸುತ್ತದೋ ಅಲ್ಲಿ ನಿಲ್ಲಿ. ನಿಂತ ಮೇಲೆ ಲೇಬಲ್ ಓದಬೇಡಿ, ಮೊದಲು ಕೃತಿ ನೋಡಿ. ಮೋಮಾದಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನಾವಿನ್ ಅವರು ಅಬಿಗೇಲ್ ಹೌಸೆನ್ ಎಂಬ ಮನಶ್ಶಾಸ್ತ್ರಜ್ಞೆಯ ಜೊತೆ ಸೇರಿ ಮಕ್ಕಳಿಗಾಗಿ ಮೂರು ಪ್ರಶ್ನೆ ರೂಪಿಸಿದರು. ಇಲ್ಲಿ ಏನು ನಡೀತಿದೆ? ಹಾಗೆ ಅನ್ನಿಸಲಿಕ್ಕೆ ನಿಮಗೆ ಏನು ಕಾಣಿಸಿತು? ಇನ್ನೇನು ಕಾಣಿಸುತ್ತಿದೆ? ಅಷ್ಟೇ. ನೀವು ಶಾಲೆಯಲ್ಲಿ ಪಾಠ ಮಾಡಿದವರು, ಎರಡನೇ ಪ್ರಶ್ನೆಯ ಬೆಲೆ ನಿಮಗೆ ಗೊತ್ತಿರುತ್ತದೆ. ಮಗು 'ಇವನಿಗೆ ಸಿಟ್ಟು ಬಂದಿದೆ' ಅನ್ನುತ್ತದೆ, ಎಲ್ಲಿ ಕಾಣಿಸಿತು ಎಂದು ಕೇಳಿದರೆ ಮುಷ್ಟಿ ತೋರಿಸುತ್ತದೆ. ನಾನು ದೊಡ್ಡವರಿಗೂ ಇದನ್ನೇ ಮಾಡಿಸುತ್ತೇನೆ. ದೊಡ್ಡವರಿಗೆ ಜಾಸ್ತಿ ಕಷ್ಟ, ತಪ್ಪು ಹೇಳಿಬಿಟ್ಟರೆ ಎಂಬ ಭಯ.

ಮ್ಯೂಸಿಯಂಗಳ ಕಾರ್ಯಕ್ರಮಗಳ ಬಗ್ಗೆಯೂ ಒಂದು ಮಾತು, ಯಾಕೆಂದರೆ ಪ್ರವಾಸಿಗಳು ಅದನ್ನು ನೋಡುವುದೇ ಇಲ್ಲ. ಟಿಕೆಟ್ ಕೌಂಟರ್‌ನಲ್ಲಿ 'ಇವತ್ತು ಏನಿದೆ' ಎಂದು ಕೇಳಿ. ಬಹಳಷ್ಟು ಕಡೆ ಗೈಡ್ ಜೊತೆ ಸುತ್ತುವುದು ಉಚಿತ, ಕಣ್ಣು ಕಾಣದವರಿಗೆ ಮುಟ್ಟಿ ನೋಡುವ ಸುತ್ತು ಇರುತ್ತದೆ. ಮೋಮಾ 2006ರಿಂದ ಮರೆವಿನ ಕಾಯಿಲೆ ಇರುವವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಎಂದೇ ಒಂದು ಕಾರ್ಯಕ್ರಮ ನಡೆಸಿತು, ಆಮೇಲೆ ಬೇರೆ ಮ್ಯೂಸಿಯಂಗಳೂ ಹಿಡಿದುಕೊಂಡವು. ಬಾಲ್ಟಿಮೋರ್ ಕಲಾ ಮ್ಯೂಸಿಯಂ 2022ರಲ್ಲಿ ಮಾಡಿದ್ದು ನನಗೆ ಇನ್ನೂ ಇಷ್ಟ. ಅಲ್ಲಿನ ಹದಿನೇಳು ಗಾರ್ಡ್‌ಗಳ ಕೈಗೇ ಒಂದು ಪ್ರದರ್ಶನ ಕೊಟ್ಟರು. ಸಂಗ್ರಹದಿಂದ ಏನು ತೆಗೆಯಬೇಕು, ಎಲ್ಲಿ ಹಾಕಬೇಕು, ಲೇಬಲ್‌ನಲ್ಲಿ ಏನು ಬರೆಯಬೇಕು, ಎಲ್ಲ ಅವರದೇ ತೀರ್ಮಾನ. ದಿನಕ್ಕೆ ಎಂಟು ಗಂಟೆ ಒಂದೇ ಕೋಣೆಯಲ್ಲಿ ನಿಲ್ಲುವವರು, ಅವರಷ್ಟು ಆ ಚಿತ್ರಗಳನ್ನು ನೋಡಿದವರು ಬೇರೆ ಯಾರಿದ್ದಾರೆ? ನಿಮ್ಮ ಮೊಮ್ಮಗನನ್ನು ನೋಡಿ ಸುಮ್ಮನಿದ್ದ ಗಾರ್ಡ್‌ನನ್ನು ಮಾತಾಡಿಸಿದ್ದರೆ ಆ ಮಿಠಾಯಿಯ ಕಥೆ ಅಲ್ಲೇ ಸಿಗುತ್ತಿತ್ತೋ ಏನೋ. ಮುಂದಿನ ಸಲ ಮಾತಾಡಿಸಿ. ಹೆಚ್ಚಿನವರು ಖುಷಿಯಿಂದ ಹೇಳುತ್ತಾರೆ, ಅವರನ್ನು ಜನ ಕೇಳುವುದು ಶೌಚಾಲಯ ಎಲ್ಲಿ ಅಂತ ಮಾತ್ರ.

ಮಂಗ ಮಾಡುತ್ತಾರಾ ಎಂದು ಕೇಳಿದ್ದಿರಿ. ಕೆಲವರು ಮಾಡುತ್ತಾರೆ, ಸುಳ್ಳೇಕೆ ಹೇಳಲಿ. ಬೆಲೆಬಾಳುವ ಮಾತು ತುಂಬಿಸಿ ಟೊಳ್ಳು ಕೃತಿ ನಿಲ್ಲಿಸುವವರು ಎಲ್ಲ ಕಡೆ ಇದ್ದಾರೆ. ಲೇಬಲ್ ಮೂರು ಸಲ ಓದಿದರೂ ತಲೆಬುಡ ಸಿಗದಿದ್ದರೆ ಅದು ಬರೆದವರ ಸೋಮಾರಿತನ, ನಿಮ್ಮ ದಡ್ಡತನ ಎಂದುಕೊಳ್ಳಬೇಡಿ. ಗೋಡೆಗೆಲ್ಲ ವ್ಯಾನ್ ಗೋ ಚಿತ್ರ ಪ್ರೊಜೆಕ್ಟರ್‌ನಲ್ಲಿ ಬಿಟ್ಟು ಸಂಗೀತ ಹಾಕುವ ಪ್ರದರ್ಶನಗಳು ಬರುತ್ತವಲ್ಲ, ಅವು ಮ್ಯೂಸಿಯಂ ಕೆಲಸ ಅಲ್ಲ, ಅಲ್ಲಿ ಒಂದು ಮೂಲ ಚಿತ್ರವೂ ಇರುವುದಿಲ್ಲ. ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳಲು ಪರವಾಗಿಲ್ಲ.

ಆದರೆ ಮಂಗ ಮಾಡುವವರು ಯಾವಾಗಲೂ ಕಲಾವಿದರೇ ಆಗಬೇಕಿಲ್ಲ. ದುಡ್ಡು ಯಾರದ್ದು ಎಂದೂ ನೋಡಬೇಕು, ಬಾಗಿಲ ಮೇಲೆ ಬರೆದಿರುತ್ತದೆ. 1970ರಲ್ಲಿ ಹಾನ್ಸ್ ಹಾಕೆ ಎಂಬ ಕಲಾವಿದ ಮೋಮಾದೊಳಗೇ ಎರಡು ಪಾರದರ್ಶಕ ಮತಪೆಟ್ಟಿಗೆ ಇಟ್ಟರು. ನ್ಯೂಯಾರ್ಕ್ ರಾಜ್ಯದ ಗವರ್ನರ್ ರಾಕ್‌ಫೆಲರ್ ಅವರು ಅಧ್ಯಕ್ಷ ನಿಕ್ಸನ್‌ರ ಇಂಡೋಚೈನಾ ನೀತಿಯನ್ನು (ಅಂದರೆ ವಿಯೆಟ್ನಾಂ ಕಡೆಯ ಯುದ್ಧವನ್ನು) ಖಂಡಿಸಿಲ್ಲ ಎನ್ನುವುದು ನೀವು ಅವರಿಗೆ ಮತ ಹಾಕದಿರಲು ಕಾರಣವಾಗುತ್ತದೆಯೇ, ಇದು ಪ್ರಶ್ನೆ. ರಾಕ್‌ಫೆಲರ್ ಕುಟುಂಬ ಆ ಮ್ಯೂಸಿಯಂ ಕಟ್ಟಿದವರಲ್ಲೇ ಒಂದು. ಪೆಟ್ಟಿಗೆ ಪಾರದರ್ಶಕವಾಗಿದ್ದರಿಂದ ಚೀಟಿಗಳು ಏರುವುದು ಎಲ್ಲರಿಗೂ ಕಾಣುತ್ತಿತ್ತು. 'ಹೌದು' ಪೆಟ್ಟಿಗೆಯಲ್ಲಿ ಇನ್ನೊಂದರ ಎರಡರಷ್ಟು ಬಿದ್ದವು. ಇನ್ನೂ ಈಚಿನದ್ದು ಬೇಕಾದರೆ ಫೋಟೋಗ್ರಾಫರ್ ನ್ಯಾನ್ ಗೋಲ್ಡಿನ್. ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯ ಚಟಕ್ಕೆ ಬಿದ್ದು ಹೊರಬಂದವರು. ಅದನ್ನು ಮಾರಿದ ಕಂಪನಿ ಸ್ಯಾಕ್ಲರ್ ಕುಟುಂಬದವರದ್ದು, ಅವರ ಹೆಸರು ಎಷ್ಟೋ ಮ್ಯೂಸಿಯಂ ಗೋಡೆಗಳ ಮೇಲಿತ್ತು. 2018ರಲ್ಲಿ ಗೋಲ್ಡಿನ್ ಮತ್ತು ಜೊತೆಗಾರರು ಮೆಟ್ರೊಪಾಲಿಟನ್ ಮ್ಯೂಸಿಯಂನ ಸ್ಯಾಕ್ಲರ್ ವಿಭಾಗಕ್ಕೆ ನುಗ್ಗಿ ಅಲ್ಲಿನ ಕೊಳಕ್ಕೆ ಖಾಲಿ ಮಾತ್ರೆ ಡಬ್ಬಿಗಳನ್ನು ಎಸೆದರು, ನೆಲದ ಮೇಲೆ ಸತ್ತವರ ಹಾಗೆ ಮಲಗಿದರು. 2021ರ ಡಿಸೆಂಬರ್‌ನಲ್ಲಿ ಆ ಹೆಸರು ತೆಗೆಯುವುದಾಗಿ ಮ್ಯೂಸಿಯಂ ಹೇಳಿತು.

ಸರಿ, ವೆನಿಸ್. ಮೊದಲು ವರ್ಷ ನೋಡಿಕೊಳ್ಳಿ. ಕಲೆಯ ಬಿಯೆನಾಲೆ 2019ರವರೆಗೆ ಬೆಸ ವರ್ಷಗಳಲ್ಲಿ ಇತ್ತು, ಕೋವಿಡ್‌ನಿಂದ 2021ರದ್ದು 2022ಕ್ಕೆ ಹೋಗಿ ಈಗ ಸಮ ವರ್ಷಗಳಲ್ಲಿ ಬರುತ್ತಿದೆ. ಬೆಸ ವರ್ಷದಲ್ಲಿ ಅದೇ ಜಾಗದಲ್ಲಿ ವಾಸ್ತುಶಿಲ್ಪದ್ದು. ಹಳೇ ಪುಸ್ತಕ ನಂಬಿ ಹೋದವರು ಮೋಸ ಹೋಗಿದ್ದಾರೆ. 2026ರ ಕಲಾ ಬಿಯೆನಾಲೆಯ ದಿನಾಂಕ ಮೇ 9ರಿಂದ ನವೆಂಬರ್ 22. ಇದರ ಕ್ಯುರೇಟರ್, ಅಂದರೆ ಏನೇನು ಎಲ್ಲಿ ಇರಬೇಕೆಂದು ತೀರ್ಮಾನಿಸುವವರು, ಕೊಯೊ ಕುವೊ, ಕೇಪ್‌ಟೌನ್‌ನಲ್ಲಿ ಹಳೇ ಧಾನ್ಯದ ಕಣಜವನ್ನು ಮ್ಯೂಸಿಯಂ ಮಾಡಿದ ಜೈಟ್ಸ್ ಮೋಕಾವನ್ನು ನಡೆಸುತ್ತಿದ್ದವರು. 2025ರ ಮೇನಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಯೋಜನೆಯನ್ನು ಅವರ ತಂಡವೇ ಮುಂದುವರಿಸಬೇಕು ಎಂದು ತೀರ್ಮಾನವಾಯಿತು. ಇರದವರೊಬ್ಬರ ತೀರ್ಮಾನಗಳ ನಡುವೆ ನಡೆಯುತ್ತೀರಿ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮುಖ್ಯ ಜಾಗ ಎರಡು. ಜಾರ್ದಿನಿ ಒಂದು ಉದ್ಯಾನ, ಅಲ್ಲಿ ದೇಶಗಳು ಕಟ್ಟಿಕೊಂಡ ಸ್ವಂತ ಪ್ರದರ್ಶನ ಕಟ್ಟಡಗಳು, ಅಂದರೆ ಪೆವಿಲಿಯನ್‌ಗಳಿವೆ. ಆರ್ಸೆನಾಲೆ ಹಳೇ ಹಡಗು ಕಟ್ಟುವ ಜಾಗ, ಉದ್ದಕ್ಕೆ ಮುಗಿಯುವುದೇ ಇಲ್ಲ. ಒಂದು ದಿನಕ್ಕೆ ಒಂದು. ಮಾಮೂಲಿ ಟಿಕೆಟ್‌ನಲ್ಲಿ ಎರಡಕ್ಕೂ ಒಂದೊಂದು ಸಲ ಹೋಗಬಹುದು, ಒಂದೇ ದಿನ ಎರಡೂ ಮುಗಿಸಬೇಕೆಂದಿಲ್ಲ. ಆದರೆ ಹೊರಗೆ ಬಂದರೆ ಅದೇ ಜಾಗಕ್ಕೆ ಮತ್ತೆ ಬಿಡುವುದಿಲ್ಲ, ಜ್ಞಾಪಕ ಇರಲಿ. ಸೋಮವಾರ ಸಾಮಾನ್ಯವಾಗಿ ರಜೆ. ಊರಿನೊಳಗೆ ಹಳೇ ಅರಮನೆ, ಚರ್ಚುಗಳಲ್ಲಿ ಹರಡಿಕೊಂಡಿರುವ ಎಷ್ಟೋ ಪ್ರದರ್ಶನಗಳಿಗೆ ಟಿಕೆಟ್ಟೇ ಇಲ್ಲ. ಜನವೂ ಕಡಿಮೆ. ದಣಿದ ಮಧ್ಯಾಹ್ನಕ್ಕೆ ಅವು ಒಳ್ಳೆಯದು.

ಮೊದಲು ಪೆವಿಲಿಯನ್‌ಗಳಿಗೆ ಹೋಗಿ ಎನ್ನುತ್ತೇನೆ. ಮುಖ್ಯ ಪ್ರದರ್ಶನ ಬಹಳ ದೊಡ್ಡದಾಗಿರುತ್ತದೆ, 2024ರಲ್ಲಿ 330ಕ್ಕೂ ಹೆಚ್ಚು ಕಲಾವಿದರಿದ್ದರು. ಪೆವಿಲಿಯನ್‌ನಲ್ಲಿ ಸಾಮಾನ್ಯವಾಗಿ ಒಬ್ಬರು, ಒಂದು ಮಾತು. ಆ ವರ್ಷ ಪ್ರಶಸ್ತಿ ಗೆದ್ದದ್ದು ಆಸ್ಟ್ರೇಲಿಯಾ, ಆರ್ಚಿ ಮೂರ್ ಎಂಬ ಮೂಲನಿವಾಸಿ ಕಲಾವಿದರದ್ದು. ಒಳಗೆ ಕತ್ತಲು. ಗೋಡೆ, ಚಾವಣಿ ಎಲ್ಲ ಶಾಲೆಯ ಬೋರ್ಡಿನ ಹಾಗೆ ಕಪ್ಪು. ಅದರ ಮೇಲೆ ಸೀಮೆಸುಣ್ಣದಲ್ಲಿ ಕೈಯಿಂದಲೇ ಬರೆದ ಚಿಕ್ಕ ಚಿಕ್ಕ ಚೌಕಗಳು, ಒಂದೊಂದರಲ್ಲಿ ಒಂದು ಹೆಸರು, ಗೆರೆ ಎಳೆದು ಒಂದಕ್ಕೊಂದು ಸೇರಿಸಿದ್ದಾರೆ. ಅವರ ವಂಶವೃಕ್ಷ. 65,000 ವರ್ಷ ಹಿಂದಕ್ಕೆ. ಮೇಲೆ ಹೋದ ಹಾಗೆ ಹೆಸರುಗಳು ಓದಲಾಗದಷ್ಟು ದೂರ, ನಕ್ಷತ್ರದ ಹಾಗೆ. ಅಲ್ಲಲ್ಲಿ ಒರೆಸಿದ ಹಾಗೆ ಖಾಲಿ ಜಾಗ. ನಡುವೆ ನೀರಿನ ಕೊಳ, ಅದರ ಮೇಲೆ ಒಂದು ಅಗಲ ಮೇಜು, ಮೇಜಿನ ಮೇಲೆ ಅಟ್ಟಿ ಅಟ್ಟಿ ಬಿಳಿ ಕಾಗದ. ಪೊಲೀಸ್ ಮತ್ತು ಜೈಲಿನ ವಶದಲ್ಲಿದ್ದಾಗ ಸತ್ತ ಮೂಲನಿವಾಸಿಗಳ ಬಗ್ಗೆ ಸರ್ಕಾರ ನಡೆಸಿದ ವಿಚಾರಣೆಗಳ ವರದಿಗಳು. ಕೈಗೆ ಸಿಗದಷ್ಟು ದೂರ, ನೀರು ದಾಟಬೇಕು. ಸೀಮೆಸುಣ್ಣ ಹಿಡಿದು ಮಕ್ಕಳಿಗೆ ಪಾಠ ಮಾಡಿದ ನೀವು ಅಲ್ಲಿ ನಿಂತಿದ್ದರೆ ಯಾವ ಲೇಬಲ್ಲೂ ಬೇಕಾಗುತ್ತಿರಲಿಲ್ಲ.

ವಿಡಿಯೋ ಕೃತಿಗಳಿಗೆ ನನ್ನದೊಂದು ನಿಯಮ. ಬಾಗಿಲಲ್ಲಿ ಎಷ್ಟು ನಿಮಿಷ ಎಂದು ಬರೆದಿರುತ್ತದೆ. ಹದಿನೈದರೊಳಗೆ ಇದ್ದರೆ ಪೂರ್ತಿ ಕೂರುತ್ತೇನೆ, ಗಂಟೆಗಟ್ಟಲೆಯದಾದರೆ ಐದು ನಿಮಿಷ ಕೊಟ್ಟು ಹಿಡಿಸದಿದ್ದರೆ ಏಳುತ್ತೇನೆ. ಇದರಲ್ಲಿ ಅಪರಾಧವೇನಿಲ್ಲ, ಬಿಯೆನಾಲೆಯ ಎಲ್ಲ ವಿಡಿಯೋ ನೋಡುತ್ತಾ ಕೂತರೆ ಎರಡು ದಿನ ಯಾವ ಮೂಲೆಗೂ ಸಾಲದು. ಆದರೆ ಕತ್ತಲು ಕೋಣೆಯಲ್ಲಿ ಬೆಂಚಂತೂ ಇರುತ್ತದೆ, ಕಾಲಿಗೆ ಆರಾಮ.

ಹೋಗುವ ಮುಂಚೆ ಮನೆಯಲ್ಲೇ ಸ್ವಲ್ಪ ಅಭ್ಯಾಸ ಮಾಡಬೇಕೆಂದರೆ ಮೋಮಾ ತನ್ನ ವೆಬ್‌ಸೈಟಿನಲ್ಲಿ 1929ರಿಂದ ನಡೆಸಿದ ಪ್ರದರ್ಶನಗಳ ದಾಖಲೆ ಇಟ್ಟಿದೆ, ಕೋಣೆಗಳ ಫೋಟೋಗಳ ಸಮೇತ. ಒಂದೊಂದು ಚಿತ್ರ ಬಿಡಿಬಿಡಿಯಾಗಿ ನೋಡುವುದಕ್ಕಿಂತ ಇದು ಒಳ್ಳೆಯದು. ಯಾವುದರ ಪಕ್ಕ ಯಾವುದಿತ್ತು ಎಂದು ಕಾಣುತ್ತದೆ. ಯಾವುದಾದರೂ ಒಂದು ಹಳೇ ಫೋಟೋ ತೆಗೆದು, ಇದನ್ನು ಇಲ್ಲಿ ಯಾಕೆ ಇಟ್ಟರು ಎಂದು ಮೊಮ್ಮಗನನ್ನು ಕೇಳಿ ನೋಡಿ. ವೆನಿಸ್‌ಗೆ ಅವನನ್ನೂ ಕರೆದುಕೊಂಡು ಹೋಗುವುದಾದರೆ ಒಂದು ಮಾತು ಹೇಳಿ ಕರೆದುಕೊಂಡು ಹೋಗಿ: ಎಲ್ಲ ರಾಶಿಯೂ ಮಿಠಾಯಿ ರಾಶಿಯಲ್ಲ, ಮುಟ್ಟುವ ಮುಂಚೆ ಗಾರ್ಡ್‌ನನ್ನು ಕೇಳಬೇಕು.